ಹೊರಗಿನ ವಿದ್ಯೆ, ಒಳಗಿನ ಹೊಣೆ

ಊರ ಕೆಲಸಗಳಲ್ಲಿ ಎರಡು ಬಗೆಯುಂಟು. ಮುಗಿದ ಮೇಲೆ ಎಲ್ಲರ ಕಣ್ಣಿಗೂ ಕಾಣುವಂಥವು ಕೆಲವು. ಮುಗಿದೊಡನೆ ಯಾರ ಕಣ್ಣಿಗೂ ಕಾಣದಂತೆ ಒಳಗೆ ಹುದುಗಿಬಿಡುವಂಥವು ಇನ್ನು ಕೆಲವು. ಗೋಡೆಯ ಬಣ್ಣ, ಬಾಗಿಲ ಮೇಲಿನ ಫಲಕ, ಉದ್ಘಾಟನೆಯ ಕಲ್ಲು ಮೊದಲನೆಯ ಬಗೆಗೆ ಸೇರಿದವು. ಅಡಿಪಾಯದ ಆಳ, ಕಂಬದೊಳಗಿನ ಕಬ್ಬಿಣ, ಕಾಂಕ್ರೀಟಿನ ಗಟ್ಟಿತನ ಎರಡನೆಯ ಬಗೆಗೆ ಸೇರಿದವು. ಮೊದಲನೆಯದರಲ್ಲಿ ಲೋಪ ಕಂಡರೆ ಬರುವ ದೀಪಾವಳಿಗೆ ತಿದ್ದಿಕೊಳ್ಳಬಹುದು. ಎರಡನೆಯದರ ಲೋಪವು ಕಾಣಿಸಿಕೊಳ್ಳುವ ಹೊತ್ತಿಗೆ ತಿದ್ದುವ ಕಾಲವೇ ಮೀರಿರುತ್ತದೆ.

ವಾಚಕ ಬಾಂಧವರೇ, ಈ ಎರಡನೆಯ ಬಗೆಯ ಕೆಲಸಕ್ಕೆ ನಮ್ಮ ಪಟ್ಟಣದ ಆಡಳಿತಗಳು ಹೊರಗಿನ ತಜ್ಞರನ್ನು ಹೇಗೆ ಗೊತ್ತುಮಾಡಿಕೊಳ್ಳಬೇಕು ಎಂಬುದೇ ಈ ತಿಂಗಳ ವಿಚಾರ. ಹಾವೇರಿ ಹಾಗೂ ರಾಣೆಬೆನ್ನೂರುಗಳಲ್ಲಿ ನಗರಸಭೆಗಳಿವೆ, ಬ್ಯಾಡಗಿಯಲ್ಲಿ ಪುರಸಭೆಯಿದೆ. ನೀರಿನ ಮೇಲ್ತೊಟ್ಟಿ, ವಾಣಿಜ್ಯ ಮಳಿಗೆ, ಸಮುದಾಯ ಭವನ, ಸೇತುವೆ ಇವುಗಳ ಭಾರ-ಬಲಗಳ ಲೆಕ್ಕವನ್ನು ಮಾಡಿಕೊಡಲು, ಹಳೆಯ ಕಟ್ಟಡಗಳು ಇನ್ನೆಷ್ಟು ಕಾಲ ನಿಲ್ಲಬಲ್ಲವೆಂದು ಪರೀಕ್ಷಿಸಲು, ಇಂಥ ಸಂಸ್ಥೆಗಳು ಹೊರಗಿನ ಸ್ಟ್ರಕ್ಚರಲ್ ಇಂಜಿನಿಯರರ ನೆರವು ಪಡೆಯುವುದು ಸಹಜ. ಇದು ಕಚೇರಿಯ ವಿಷಯ, ಗೃಹಸ್ಥರಿಗೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ಆ ಸಭೆಗಳಿಗೆ ಸದಸ್ಯರಾಗಿ ಹೋಗುವವರು ನಮ್ಮ ಮನೆಗಳವರು. ಗುತ್ತಿಗೆ ಹಿಡಿಯುವವರಲ್ಲಿಯೂ ನಮ್ಮವರುಂಟು. ಕರ ಕೊಡುವವರು ನಾವು. ಆ ತೊಟ್ಟಿಯ ನೆರಳಿನಲ್ಲಿ ಆಡುವ ಮಕ್ಕಳೂ ನಮ್ಮವೇ. ಆದುದರಿಂದ ಇದು ಮನೆಯ ವಿಷಯವೂ ಹೌದು.

ಇದರ ಗಾಂಭೀರ್ಯವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಹಾವೇರಿಯು 1997ರವರೆಗೆ ಯಾವ ಜಿಲ್ಲೆಯ ಅಂಗವಾಗಿತ್ತೋ ಆ ಧಾರವಾಡದ ಕುಮಾರೇಶ್ವರ ನಗರದಲ್ಲಿ, 2019ರ ಮಾರ್ಚ್ 19ರಂದು, ಇನ್ನೂ ಕಟ್ಟುತ್ತಿದ್ದ ಬಹುಮಹಡಿಯ ವಾಣಿಜ್ಯ ಕಟ್ಟಡವೊಂದು ಹಾಡುಹಗಲೇ ಕುಸಿಯಿತು. 19 ಜೀವಗಳು ಹೋದವು. ಅವಶೇಷಗಳಡಿಯಲ್ಲಿ ಸಿಕ್ಕವರನ್ನು ಹೊರತೆಗೆಯುವ ಕಾರ್ಯ ದಿನಗಟ್ಟಲೆ ನಡೆಯಿತು. ಗುಜರಾತದ ಮೋರಬಿ ಎಂಬ ಪಟ್ಟಣದಲ್ಲಿ ತೂಗುಸೇತುವೆಯ ನಿರ್ವಹಣೆಯನ್ನು ಅಲ್ಲಿನ ಪುರಸಭೆಯು ಹೊರಗಿನವರಿಗೆ ವಹಿಸಿಕೊಟ್ಟಿತ್ತು. ದುರಸ್ತಿಯ ಬಳಿಕ ಪುರಸಭೆಯ ಯೋಗ್ಯತಾ ಪತ್ರವಿಲ್ಲದೆಯೇ ಆ ಸೇತುವೆಯನ್ನು ಜನರಿಗೆ ತೆರೆಯಲಾಯಿತು. ತೆರೆದ ಕೆಲವೇ ದಿನಗಳಲ್ಲಿ, 2022ರ ಅಕ್ಟೋಬರ್ 30ರಂದು, ಅದು ಹರಿದು ಬಿದ್ದು 135 ಜನ ಪ್ರಾಣ ಕಳೆದುಕೊಂಡರು. ಹೊರಗಿನವರಿಗೆ ಕೆಲಸ ಕೊಟ್ಟುದರಿಂದ ಪುರಸಭೆಯ ಹೊಣೆ ತೀರಲಿಲ್ಲ. 2023ರಲ್ಲಿ ಸರಕಾರವು ಆ ಪುರಸಭೆಯನ್ನೇ ವಿಸರ್ಜಿಸಿತು. ಕೆಲಸವನ್ನು ಪರರಿಗೆ ವಹಿಸಬಹುದು, ಹೊಣೆಯನ್ನು ವಹಿಸಲಾಗದು ಎಂಬುದಕ್ಕೆ ಇದಕ್ಕಿಂತ ಕಠಿಣವಾದ ಪಾಠ ಬೇಕಿಲ್ಲ.

ಊರಿನ ಕಟ್ಟೆಯ ಮೇಲೆ ಕುಳಿತವರು ಒಂದು ಮಾತನ್ನು ತಪ್ಪದೆ ಕೇಳುತ್ತಾರೆ: “ಶಾಸ್ತ್ರಿಗಳ, ನಮ್ಮ ನಗರಸಭೆಯೊಳಗ ಇಂಜಿನಿಯರ್ ಅದಾರಲ್ರೀ, ಮತ್ತ ಹೊರಗಿನವ್ರಿಗೆ ರೊಕ್ಕ ಯಾಕ ಕೊಡಬೇಕ್ರೀ?” ಪ್ರಶ್ನೆ ನ್ಯಾಯವಾದುದೇ. ಆದರೆ ಪಟ್ಟಣದ ಆಡಳಿತದಲ್ಲಿರುವ ಇಂಜಿನಿಯರರ ನಿತ್ಯದ ಪಾಡನ್ನು ನೋಡಬೇಕು. ರಸ್ತೆ, ಗಟಾರ, ನೀರಿನ ಕೊಳವೆ, ಬೀದಿದೀಪ, ಕಟ್ಟಡದ ಪರವಾನಗಿ, ಬಿಲ್ಲುಗಳ ಅಳತೆ ಪುಸ್ತಕ, ಇವೆಲ್ಲವೂ ಬೆರಳೆಣಿಕೆಯ ಜನರ ಹೆಗಲಿಗೆ ಬಿದ್ದಿರುತ್ತವೆ. ಭಾರ-ಬಲಗಳ ಶಾಸ್ತ್ರವಾದರೋ ಇಂಜಿನಿಯರ ವಿದ್ಯೆಯೊಳಗಿನ ಬೇರೆಯೇ ಒಂದು ಶಾಖೆ. ಪದವಿಯ ಮೇಲೆ ಮತ್ತೆ ಓದಿ, ವರುಷಗಟ್ಟಲೆ ಅದನ್ನೇ ಮಾಡಿ ಪಳಗಬೇಕಾದುದು. ಮನೆಯ ವೈದ್ಯರು ಎಷ್ಟೇ ಸಮರ್ಥರಿದ್ದರೂ ಮುರಿದ ಎಲುಬಿಗೆ ಎಲುಬಿನ ವೈದ್ಯರ ಬಳಿ ಕಳಿಸುತ್ತಾರೆ. ಅದರಿಂದ ಮನೆಯ ವೈದ್ಯರಿಗೆ ಅಗೌರವವಾಗುವುದಿಲ್ಲ.

ಪರಸ್ಥಳದ ತಜ್ಞರನ್ನು ಕರೆಸುವುದು ಈ ನಾಡಿಗೆ ಹೊಸತಲ್ಲ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯು ಉಕ್ಕಿ ಹೈದರಾಬಾದ ನಗರದಲ್ಲಿ ಸಹಸ್ರಾರು ಜನ ಅಸುನೀಗಿದಾಗ, ನಿಜಾಮರ ಸರಕಾರವು ಆಗತಾನೇ ಮುಂಬಯಿ ಪ್ರಾಂತದ ಸೇವೆಯಿಂದ ಹೊರಬಂದಿದ್ದ ನಮ್ಮ ವಿಶ್ವೇಶ್ವರಯ್ಯನವರನ್ನು ಬರಮಾಡಿಕೊಂಡಿತು. ಅವರು ನದಿಯ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ನೆರೆಯನ್ನು ತಡೆಯುವ ಉಪಾಯವನ್ನು ಸೂಚಿಸಿದರು. 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಪೂರ್ಣಗೊಂಡವು. ಹೊರಗಿನಿಂದ ಬಂದವರು ವಿದ್ಯೆಯನ್ನು ಕೊಟ್ಟರು. ಅದನ್ನು ಹತ್ತು-ಹದಿನೆಂಟು ವರುಷ ಬಿಡದೆ ನೆರವೇರಿಸಿದವರು ಆ ಊರಿನ ಆಡಳಿತದವರು. ಎರಡರಲ್ಲಿ ಒಂದು ತಪ್ಪಿದ್ದರೂ ಫಲ ಸಿಗುತ್ತಿರಲಿಲ್ಲ.

ಇನ್ನೂ ಹಿಂದೆ ಹೋದರೆ, ಕಡಪಾ ಸೀಮೆಯ ಪೋರುಮಾಮಿಳ್ಳ ಎಂಬಲ್ಲಿ 1369ರ ಸಂಸ್ಕೃತ ಶಾಸನವೊಂದಿದೆ. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಕೆರೆಯ ಶಾಸನವದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಅದು ಎಣಿಸಿ ಹೇಳುತ್ತದೆ. ಧರ್ಮಿಷ್ಠನಾದ ಒಡೆಯನಿರಬೇಕು ಎಂಬುದರ ಜೊತೆಗೆ, ಜಲಶಾಸ್ತ್ರವನ್ನು ಬಲ್ಲವನಿರಬೇಕು, ಕಟ್ಟುವ ಕಲೆಯಲ್ಲಿ ನುರಿತ ಜನರಿರಬೇಕು ಎಂಬುದೂ ಆ ಅಂಗಗಳಲ್ಲಿ ಸೇರಿದೆ. ಏರಿಯಿಂದ ನೀರು ಜಿನುಗುವುದು ಆರು ದೋಷಗಳಲ್ಲೊಂದು. ಹಣ, ಭಕ್ತಿ, ಅಧಿಕಾರ ಮೂರೂ ಇದ್ದ ಕಾಲದಲ್ಲಿಯೂ ಬಲ್ಲವನನ್ನು ಬೇರೆಯಾಗಿ ಎಣಿಸಿದ್ದನ್ನು ಗಮನಿಸಬೇಕು. ಮಾನಸಾರ, ಮಯಮತ ಮೊದಲಾದ ವಾಸ್ತುಗ್ರಂಥಗಳು ಶಿಲ್ಪಿಗಳಲ್ಲಿ ಸ್ಥಪತಿ, ಸೂತ್ರಗ್ರಾಹಿ, ವರ್ಧಕಿ, ತಕ್ಷಕ ಎಂಬ ನಾಲ್ವರನ್ನು ಹೇಳುತ್ತವೆ. ಸ್ಥಪತಿಯು ಕಟ್ಟಡವನ್ನು ಕಲ್ಪಿಸುವವನು. ಸೂತ್ರಗ್ರಾಹಿಯು ನೂಲು ಹಿಡಿದು ಅಳತೆ ನೋಡುವವನು. ಕಲ್ಪಿಸುವವನೊಬ್ಬ, ಅಳೆಯುವವನಿನ್ನೊಬ್ಬ ಎಂಬ ಈ ವಿಂಗಡಣೆಯಲ್ಲಿ ದೊಡ್ಡ ವಿವೇಕವಿದೆ.

ಈಗ ಕೊಳ್ಳುವ ಬಗೆಗೆ ಬರೋಣ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ಕಂಡವರಿಗೆ ಟೆಂಡರು ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಖರೀದಿದಾರರು ಲಾಟಿನಿಂದ ಲಾಟಿಗೆ ಹೋಗುತ್ತಾರೆ. ಡಬ್ಬಿಯೋ ಕಡ್ಡಿಯೋ ನೋಡುತ್ತಾರೆ. ಕಾಯಿಯನ್ನು ಕೈಗೆತ್ತಿಕೊಂಡು ಬಣ್ಣ, ಸುಕ್ಕು, ತೇವಗಳನ್ನು ಪರೀಕ್ಷಿಸುತ್ತಾರೆ. ಆಮೇಲೆ ದರ ಬರೆಯುತ್ತಾರೆ. ಸರಕು ಕಣ್ಣಮುಂದಿದೆ, ಆದುದರಿಂದ ದರವೇ ನಿರ್ಣಾಯಕ. ಆದರೆ ವಿದ್ಯೆಯು ಚೀಲದಲ್ಲಿ ಬರುವ ಸರಕಲ್ಲ. ಇಂಜಿನಿಯರರ ಲೆಕ್ಕವು ಸರಿಯೋ ತಪ್ಪೋ ಎಂಬುದು ಕೊಳ್ಳುವ ಹೊತ್ತಿಗೆ ಕೊಳ್ಳುವವನಿಗೆ ತಿಳಿಯುವುದೇ ಇಲ್ಲ. ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರ ದೊಡ್ಡದು. ಅಲ್ಲಿನ ಯಾವ ರೈತನೂ ಅತಿ ಅಗ್ಗದ ಬೀಜವೆಂಬ ಒಂದೇ ಕಾರಣಕ್ಕೆ ಅದನ್ನು ತಂದು ಬಿತ್ತುವುದಿಲ್ಲ; ಬೀಜದ ಹಣದಲ್ಲಿ ಉಳಿಸಿದ್ದು ಬೆಳೆಯಲ್ಲಿ ಹೋಗುತ್ತದೆಂಬುದನ್ನು ಅವನು ಬಲ್ಲ. ಇಂಜಿನಿಯರರ ಸೇವೆಯೂ ಬೀಜದಂಥದು.

ನಮ್ಮ ರಾಜ್ಯದಲ್ಲಿ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವು 1999ರಲ್ಲಿ ಬಂದಿತು. ಗುಟ್ಟಾಗಿ ಬೇಕಾದವರಿಗೆ ಕೆಲಸ ಹಂಚುವುದನ್ನು ತಡೆಯುವುದೂ, ಎಲ್ಲರಿಗೂ ಸಮನಾದ ಅವಕಾಶ ಕೊಡುವುದೂ ಅದರ ಉದ್ದೇಶ. ಆ ಉದ್ದೇಶ ಉತ್ತಮವಾದುದು, ಅದನ್ನು ಬಿಟ್ಟುಕೊಡಲಾಗದು. ಆದರೆ ಕಡಿಮೆ ದರವೊಂದನ್ನೇ ದೇವರೆಂದು ಪೂಜಿಸುವುದು ಅದರ ಉದ್ದೇಶವಲ್ಲ. ತಜ್ಞರ ಸೇವೆಗಾಗಿ ಗುಣ ಮತ್ತು ದರ ಎರಡನ್ನೂ ತೂಗುವ ಕ್ರಮವೊಂದು ಪ್ರಪಂಚದಲ್ಲೆಲ್ಲ ರೂಢಿಯಲ್ಲಿದೆ. ಅರ್ಜಿದಾರರು ಎರಡು ಲಕೋಟೆ ಕೊಡುತ್ತಾರೆ. ಮೊದಲನೆಯದರಲ್ಲಿ ಅನುಭವ, ಕೆಲಸ ಮಾಡುವ ಜನರ ಯೋಗ್ಯತೆ, ಕೆಲಸದ ವಿಧಾನ; ಎರಡನೆಯದರಲ್ಲಿ ದರ. ಗುಣಕ್ಕೆ ಅಂಕ ಬಿದ್ದ ಮೇಲೆಯೇ ದರದ ಲಕೋಟೆ ಒಡೆಯುವುದು.

ಒಂದು ಲೆಕ್ಕವನ್ನು ದೃಷ್ಟಾಂತವಾಗಿ ನೋಡೋಣ. ಗುಣಕ್ಕೆ 80, ದರಕ್ಕೆ 20ರ ತೂಕವೆನ್ನಿ. ಮೊದಲನೆಯವರಿಗೆ ಗುಣದಲ್ಲಿ 90 ಅಂಕ, ಅವರ ದರ 10 ಲಕ್ಷ ರೂಪಾಯಿ. ಎರಡನೆಯವರಿಗೆ ಗುಣದಲ್ಲಿ 70 ಅಂಕ, ದರ 7 ಲಕ್ಷ. ಅತಿ ಕಡಿಮೆ ದರದವರಿಗೆ ದರದ ಅಂಕ 100. ಅದೇ ಅನುಪಾತದಲ್ಲಿ ಮೊದಲನೆಯವರಿಗೆ 70. ತೂಗಿ ಕೂಡಿಸಿದರೆ ಮೊದಲನೆಯವರಿಗೆ 72ಕ್ಕೆ 14 ಸೇರಿ 86. ಎರಡನೆಯವರಿಗೆ 56ಕ್ಕೆ 20 ಸೇರಿ 76. ಕೆಲಸವು ಮೊದಲನೆಯವರಿಗೆ ಸಲ್ಲುತ್ತದೆ. ಹೆಚ್ಚು ಕೊಟ್ಟದ್ದು 3 ಲಕ್ಷ. ಕಟ್ಟಡದ ವೆಚ್ಚ 5 ಕೋಟಿಯಾದರೆ ಈ ಹೆಚ್ಚಳವು ನೂರು ರೂಪಾಯಿಗೆ 60 ಪೈಸೆ ಮಾತ್ರ. ಅರವತ್ತು ಪೈಸೆಯ ಉಳಿತಾಯಕ್ಕಾಗಿ ನೂರು ರೂಪಾಯಿಯನ್ನೂ, ಅದರ ಮೇಲೆ ಬೆಲೆ ಕಟ್ಟಲಾಗದ ಜೀವಗಳನ್ನೂ ಪಣಕ್ಕೊಡ್ಡಬೇಕೆ? ಆದರೆ ಈ ಕ್ರಮದಲ್ಲಿಯೂ ಒಂದು ಬಿಲವುಂಟು. ಗುಣದ ಅಂಕವನ್ನು ಬೇಕಾದವರಿಗೆ ಬೇಕಾದಂತೆ ಹಾಕಬಹುದು. ಆದುದರಿಂದ ಯಾವುದಕ್ಕೆ ಎಷ್ಟು ಅಂಕವೆಂಬುದನ್ನು ಅರ್ಜಿ ಕರೆಯುವ ಮೊದಲೇ ಪ್ರಕಟಿಸಿರಬೇಕು. ಯಾರಿಗೆ ಏಕೆ ಎಷ್ಟು ಬಿದ್ದಿತೆಂಬುದನ್ನು ಕೊನೆಗೆ ಬರೆದಿಟ್ಟಿರಬೇಕು.

ನಮ್ಮ ಸೀಮೆಗೆ ಇಂಥ ಸೇವೆಗಳ ಪರಿಚಯ ಇಲ್ಲದಿಲ್ಲ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ 2014ರಲ್ಲಿ ಒಪ್ಪಿಗೆ ಪಡೆದ ಕರ್ನಾಟಕ ಸಮಗ್ರ ನಗರ ನೀರು ನಿರ್ವಹಣಾ ಕಾರ್ಯಕ್ರಮದಲ್ಲಿ ದಾವಣಗೆರೆ, ಹರಿಹರಗಳೊಡನೆ ರಾಣೆಬೆನ್ನೂರು ಹಾಗೂ ಬ್ಯಾಡಗಿಗಳೂ ಸೇರಿದ್ದವು. ಜಲಸಿರಿ ಎಂಬ ಹೆಸರಿನಿಂದ ಜನರು ಅದನ್ನು ಬಲ್ಲರು. ರಾಜ್ಯದ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮವು ಅದನ್ನು ನಡೆಸುವ ಹೊಣೆ ಹೊತ್ತಿತು. ಇಂಥ ದೊಡ್ಡ ಯೋಜನೆಗಳಲ್ಲಿ ವಿನ್ಯಾಸಕ್ಕೂ ಮೇಲ್ವಿಚಾರಣೆಗೂ ಸಲಹೆಗಾರರನ್ನು ಹೊರಗಿನಿಂದಲೇ ಗೊತ್ತುಮಾಡಿಕೊಳ್ಳುತ್ತಾರೆ. ಬ್ಯಾಂಕಿನ ಹಣವೆಂದರೆ ಪುಕ್ಕಟೆಯ ಹಣವಲ್ಲ; ಅದು ಸಾಲ. ತೀರಿಸುವವರು ನಾವೂ ನಮ್ಮ ಮಕ್ಕಳೂ. ಅಂದಮೇಲೆ ಅದರಿಂದ ಎದ್ದ ಪ್ರತಿಯೊಂದು ಕಂಬದ ಬಗೆಗೆ ಕೇಳುವ ಹಕ್ಕು ನಮಗಿದೆ.

ಆ ಕಂಬಗಳು ಹೊರುವ ಭಾರವನ್ನೇ ಎಣಿಸಿರಿ. ಐದು ಲಕ್ಷ ಲೀಟರಿನ ಒಂದು ಮೇಲ್ತೊಟ್ಟಿ ತುಂಬಿದಾಗ ನೀರೊಂದರ ತೂಕವೇ 500 ಟನ್ನು. ತೊಟ್ಟಿಯ ಕಾಂಕ್ರೀಟಿನ ತೂಕ ಬೇರೆ. ಅದು ದಿನವೂ ತುಂಬಿ ದಿನವೂ ಬರಿದಾಗುತ್ತದೆ. ಅದರ ಕೆಳಗಿನ ನೆಲ ನಮ್ಮಲ್ಲಿ ಅನೇಕ ಕಡೆ ಎರೆಮಣ್ಣು. ಎರೆಯ ಸ್ವಭಾವವನ್ನು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ: ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಉಬ್ಬಿ ಬಿರಿಯುವ ನೆಲದ ಮೇಲೆ ಬೇರೆ ಊರಿನ ಕೆಂಪುಮಣ್ಣಿಗೆ ಹಾಕಿದ ನಕ್ಷೆಯನ್ನು ತಂದು ಹೊಂದಿಸಿದರೆ ಗೋಡೆ ಸೀಳುತ್ತದೆ, ಕಂಬ ವಾಲುತ್ತದೆ. ಎರೆನೆಲಕ್ಕೆಂದೇ ಬುಡದಲ್ಲಿ ಗುಬುಟಿನಂತೆ ಅಗಲವಾದ ಕಾಂಕ್ರೀಟಿನ ಬೇರುಗಳನ್ನು ಇಳಿಸುವ ವಿಧಾನವನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ರೂಪಿಸಿಕೊಟ್ಟಿದೆ. ಆದುದರಿಂದ ಹೊರಗಿನ ತಜ್ಞರಿಗೆ ಮೊಟ್ಟಮೊದಲು ಕೇಳಬೇಕಾದ ಪ್ರಶ್ನೆ ಇದು: “ನೀವು ಈ ಜಾಗಕ್ಕೆ ಬಂದಿರಾ? ಇಲ್ಲಿಯ ಮಣ್ಣನ್ನು ಕೊರೆದು ಪರೀಕ್ಷಿಸಿದಿರಾ?”

ಎರಡನೆಯದು, ಯಾರ ಹೆಸರಿನ ಅನುಭವವನ್ನು ತೋರಿಸಿ ಕೆಲಸ ಪಡೆದರೋ ಅವರೇ ಲೆಕ್ಕ ಮಾಡಿ ಸಹಿ ಹಾಕುತ್ತಾರೆಯೇ ಎಂಬುದು. ಹಿರಿಯರ ಹೆಸರು ತೋರಿಸಿ ಕಿರಿಯರ ಕೈಯಲ್ಲಿ ನಕ್ಷೆ ಎಳೆಸುವುದುಂಟು. ಮೂರನೆಯದು, ಆ ಲೆಕ್ಕವನ್ನು ಬೇರೆ ಯಾರು ತಾಳೆ ನೋಡುತ್ತಾರೆ ಎಂಬುದು. ಸ್ಥಪತಿಯ ಹಿಂದೆ ಸೂತ್ರಗ್ರಾಹಿ ಬೇಕು. ಇದಕ್ಕೆ ಬೆಂಗಳೂರನ್ನೇ ನೋಡಬೇಕಾಗಿಲ್ಲ. ಹಾವೇರಿಯ ದೇವಗಿರಿಯಲ್ಲಿ ಸರಕಾರಿ ಇಂಜಿನಿಯರಿಂಗ್ ಕಾಲೇಜಿದೆ, 1947ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಭೂಮರಡ್ಡಿ ಕಾಲೇಜು ಇಂದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿ ಬೆಳೆದಿದೆ, ದಾವಣಗೆರೆಯಲ್ಲಿ ಬಿ.ಡಿ.ಟಿ. ಕಾಲೇಜಿದೆ. ಹೊರಗಿನ ತಜ್ಞರ ಲೆಕ್ಕವನ್ನು ಇಂಥ ವಿದ್ಯಾಲಯಗಳ ಪ್ರಾಧ್ಯಾಪಕರಿಗೆ ಕಳಿಸಿ ತಾಳೆ ನೋಡಿಸುವುದು ಪದ್ಧತಿಯಾಗಲಿ.

ನಾಲ್ಕನೆಯದು, ಕೆಲಸ ನಡೆಯುವಾಗ ಅವರು ಎಷ್ಟು ಸಲ ಬರುತ್ತಾರೆ ಎಂಬುದು. ನಕ್ಷೆ ಕೊಟ್ಟು ಹಣ ಪಡೆದು ಹೋದವರು ಕಾಂಕ್ರೀಟು ಹಾಕುವ ಮುನ್ನ ಕಬ್ಬಿಣ ಕಟ್ಟಿದ್ದನ್ನು ನೋಡದಿದ್ದರೆ, ನಕ್ಷೆಯಲ್ಲಿದ್ದುದು ಕಂಬದಲ್ಲಿದೆಯೆಂದು ಹೇಳುವವರು ಯಾರು? ಭಾರತೀಯ ಮಾನಕ ಸಂಖ್ಯೆ 456ರ ಪ್ರಕಾರ, ಹಾಕಿದ ಕಾಂಕ್ರೀಟು ಐದು ಘನಮೀಟರಿನೊಳಗಿದ್ದರೂ ಕನಿಷ್ಠ ಒಂದು ಮಾದರಿಯನ್ನು ತೆಗೆಯಬೇಕು. ಒಂದು ಮಾದರಿಗೆ ಮೂರು ಅಚ್ಚುಗಳು. ಆ ಅಚ್ಚುಗಳನ್ನು 28 ದಿನ ನೀರಿನಲ್ಲಿಟ್ಟು ಒತ್ತಿ ನೋಡಬೇಕು. ಆ ವರದಿ ಯಾವ ಪ್ರಯೋಗಾಲಯದ್ದು, ಅಚ್ಚು ತೆಗೆಯುವಾಗ ಯಾರಿದ್ದರು ಎಂಬುದು ದಾಖಲೆಯಲ್ಲಿರಬೇಕು. ಐದನೆಯದು, ಹಣವನ್ನು ಹಂತ ಹಂತವಾಗಿ ಕೊಟ್ಟು ಕಡೆಯ ಭಾಗವನ್ನು ಕಟ್ಟಡ ಮುಗಿದು ಪರೀಕ್ಷೆಯಾದ ಮೇಲೆ ಕೊಡುವುದು. ಆರನೆಯದು, ಗುತ್ತಿಗೆದಾರನಿಗೂ ಪರೀಕ್ಷಿಸುವ ಇಂಜಿನಿಯರನಿಗೂ ನಂಟಾಗಲಿ ಪಾಲುದಾರಿಕೆಯಾಗಲಿ ಇರಕೂಡದೆಂಬುದು. ಇಲ್ಲಿ ನಮ್ಮವರೆಂಬ ದಾಕ್ಷಿಣ್ಯಕ್ಕೆ ಎಡೆಯಿಲ್ಲ. ಒಳಪಂಗಡ ನೋಡಿ, ಬೀಗತನ ನೋಡಿ ಕೆಲಸ ಕೊಡಿಸುವುದು ಸಮಾಜಸೇವೆಯೆಂದು ಭಾವಿಸಿದವರು ನಮ್ಮಲ್ಲಿಯೂ ಇಲ್ಲದಿಲ್ಲ. ಕಟ್ಟಡವು ಕುಲ ಕೇಳಿ ನಿಲ್ಲುವುದಿಲ್ಲ, ಕುಲ ಕೇಳಿ ಬೀಳುವುದೂ ಇಲ್ಲ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮೇಶ್ವರರನ್ನು ಸ್ಮರಿಸುವ ಸಮಾಜಕ್ಕೆ ಲೋಕೋಪಯೋಗಿ ಕೆಲಸದಲ್ಲಿ ಕಪಟವು ಕಾಯಕಕ್ಕೆ ಬಗೆದ ದ್ರೋಹವೆಂದು ಹೇಳಿಕೊಡಬೇಕೆ?

ಆಡಳಿತಕ್ಕೆ ಹೇಳಿದ ಮಾತು ಮನೆಗಳಿಗೂ ಸಲ್ಲುತ್ತದೆ. ಕೆಳಗೆ ಅಂಗಡಿ, ಮೇಲೆ ಮನೆ ನಮ್ಮ ಪೇಟೆಗಳ ರೀತಿ. ಒಂದು ಮಹಡಿಗೆಂದು ಹಾಕಿದ ಅಡಿಪಾಯದ ಮೇಲೆ ಮಕ್ಕಳು ದೊಡ್ಡವರಾದರೆಂದು ಇನ್ನೆರಡು ಮಹಡಿ ಏರಿಸುತ್ತೇವೆ. ಅಂಗಡಿಗೆ ಷಟರು ಕೂರಿಸಲು ಭಾರ ಹೊತ್ತ ಗೋಡೆಯನ್ನೇ ಒಡೆಯುತ್ತೇವೆ. ಬ್ಯಾಡಗಿಯಲ್ಲಿ ಮುಖ್ಯರಸ್ತೆಯ ಅಗಲೀಕರಣದ ಮಾತು ಬಹುಕಾಲದಿಂದ ನಡೆದುಬಂದುದು. ಯಾವ ಊರಿನಲ್ಲಾಗಲಿ ರಸ್ತೆಗೆಂದು ಕಟ್ಟಡದ ಮುಂಭಾಗವನ್ನು ಕತ್ತರಿಸಿದಾಗ ಉಳಿದ ಭಾಗವು ಮೊದಲಿನ ಬಲದಲ್ಲಿಯೇ ನಿಂತಿದೆಯೆಂದು ತಿಳಿಯಲಾಗದು. ತಜ್ಞರು ನೋಡಿ ಹೇಳಿದ ಮೇಲೆಯೇ ಅದರೊಳಗೆ ವಾಸವೋ ವ್ಯಾಪಾರವೋ ನಡೆಯಬೇಕು. ಹಳ್ಳಿಗಳ ಹಳೆಯ ಮಣ್ಣಿನ ಮನೆಗಳ ಪಾಡು ಇನ್ನೂ ಕನಿಕರದ್ದು. 2024ರ ಜುಲೈ ತಿಂಗಳ ಮಳೆಯಲ್ಲಿ ಸವಣೂರು ತಾಲೂಕಿನ ಮಾದಾಪುರದಲ್ಲಿ ಮನೆ ಕುಸಿದು ಒಂದೇ ಕುಟುಂಬದ ಮೂವರು ತೀರಿಕೊಂಡರು. ಅವರಲ್ಲಿ ಇಬ್ಬರು ಹಸುಗೂಸುಗಳು. ಮುಂಗಾರಿನ ಮೊದಲು ಒಬ್ಬ ಬಲ್ಲವರು ಓಣಿ ಓಣಿ ತಿರುಗಿ, ಬಿರುಕು ಬಿಟ್ಟ ಗೋಡೆಗಳನ್ನು ಗುರುತಿಸಿ, ಆ ಮನೆಯವರನ್ನು ಶಾಲೆಗೋ ಮಠಕ್ಕೋ ಕರೆದೊಯ್ಯುವಂತಾದರೆ ಅದಕ್ಕೆ ಆಗುವ ವೆಚ್ಚ ಬಹಳವೇ? ಮಠ, ಶಾಲೆ, ಕಲ್ಯಾಣ ಮಂಟಪಗಳನ್ನು ನಡೆಸುವ ಸಮಿತಿಗಳವರು ಮೊದಲು ತಮ್ಮ ಕಟ್ಟಡಗಳನ್ನೇ ಪರೀಕ್ಷೆ ಮಾಡಿಸಿಕೊಂಡು ಮೇಲ್ಪಂಕ್ತಿ ಹಾಕಲಿ.

ಕಡೆಯದಾಗಿ, ಭಾಷೆಯ ಮಾತೊಂದಿದೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ಹೊರಗಿನ ತಜ್ಞರ ವರದಿಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ದಪ್ಪ ಹೊದಿಕೆಯಲ್ಲಿ, ನೂರಾರು ಪುಟಗಳಲ್ಲಿ ಬರುತ್ತವೆ. ಸಭೆಯಲ್ಲಿ ಅದನ್ನು ಮೇಜಿನ ಮೇಲಿಡುತ್ತಾರೆ. ಓದಿದವರು ವಿರಳ, ಒಪ್ಪಿದವರು ಎಲ್ಲರೂ. ತಿಳಿಯದುದಕ್ಕೆ ಕೈ ಎತ್ತುವುದು ಅಪಾಯದ ಮೂಲ. ಕನ್ನಡವು 1963ರ ಕಾಯಿದೆಯಂತೆ ನಮ್ಮ ರಾಜ್ಯದ ಆಡಳಿತ ಭಾಷೆ. ಆದುದರಿಂದ ತಜ್ಞರೊಡನೆ ಮಾಡಿಕೊಳ್ಳುವ ಕರಾರಿನಲ್ಲಿಯೇ ಒಂದು ಷರತ್ತನ್ನು ಬರೆಯಿಸಬೇಕು: ವರದಿಯ ಸಾರವನ್ನು ಎರಡು ಪುಟಗಳಲ್ಲಿ ತಿಳಿಗನ್ನಡದಲ್ಲಿ ಕೊಡತಕ್ಕದ್ದು. ಕಟ್ಟಡ ಎಷ್ಟು ಭಾರ ತಡೆಯುತ್ತದೆ, ಎಷ್ಟು ವರುಷಕ್ಕೊಮ್ಮೆ ಪರೀಕ್ಷಿಸಬೇಕು, ಯಾವ ಲಕ್ಷಣ ಕಂಡರೆ ಜನರನ್ನು ಕೂಡಲೇ ಹೊರಗೆ ಕಳಿಸಬೇಕು ಎಂಬುದು ಅದರಲ್ಲಿರಬೇಕು. ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದ ಮೇಲೆಯೇ ಠರಾವು ಆಗಬೇಕು. ಪ್ರತಿಯು ಕಚೇರಿಯಲ್ಲಿ ಕೇಳಿದವರಿಗೆ ಸಿಗಬೇಕು. ಸಿಗದಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮವುಂಟು; ಕಾಗದವನ್ನಷ್ಟೇ ಅಲ್ಲ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿಯನ್ನು ಪಡೆಯುವ ಹಕ್ಕನ್ನೂ ಅದು ನಾಗರಿಕರಿಗೆ ಕೊಟ್ಟಿದೆ. ಈ ಹಕ್ಕನ್ನು ಬಲ್ಲವರು ಕಡಿಮೆ. ಬಳಸಿದವರು ಇನ್ನೂ ಕಡಿಮೆ.

ಇದನ್ನು ಓದುವ ಮನೆಗಳಲ್ಲಿ ಪುರಸಭೆ, ನಗರಸಭೆಗಳ ಸದಸ್ಯರಾದವರೋ ಆಗಬಯಸುವವರೋ ಇರಬಹುದು. ಅವರಲ್ಲಿ ನನ್ನ ಬಿನ್ನಹವಿಷ್ಟೆ: ಮುಂದಿನ ಸಲ ಕಟ್ಟಡದ ವಿಷಯ ಸಭೆಯ ಮುಂದೆ ಬಂದಾಗ, ದರವೆಷ್ಟು ಎಂಬುದಕ್ಕಿಂತ ಮೊದಲು ಮಣ್ಣಿನ ಪರೀಕ್ಷೆಯ ವರದಿ ಎಲ್ಲಿ ಎಂದು ಕೇಳಿರಿ. ಇತರರು ನಕ್ಕರೂ ಚಿಂತೆಯಿಲ್ಲ. ನಿಮ್ಮ ಒಂದು ಪ್ರಶ್ನೆಯಿಂದ ಆ ಕೆಲಸ ಒಂದು ತಿಂಗಳು ತಡವಾಗಬಹುದು. ಕಟ್ಟಡವಾದರೋ ಐವತ್ತು ವರುಷ ನಿಲ್ಲಬೇಕಾಗಿದೆ.